ಕಸಿಯ ಮಾತ್ರೆ ಮತ್ತು ಮೆದುಳಿನ ಊತ: ಮನೆಯವರು ಏನನ್ನು ಗಮನಿಸಬೇಕು?

ಮೂತ್ರಪಿಂಡ ಕಸಿಯಾದವರು, ದೇಹವು ಹೊಸ ಅಂಗವನ್ನು ತಿರಸ್ಕರಿಸದಿರಲೆಂದು ಟ್ಯಾಕ್ರೋಲಿಮಸ್ ಅಥವಾ ಸೈಕ್ಲೋಸ್ಪೊರಿನ್ ಔಷಧಿಯನ್ನು ದಿನವೂ ಸೇವಿಸುತ್ತಾರೆ. ಅಪರೂಪಕ್ಕೆ ಇವು ಮೆದುಳಿನ ಸಣ್ಣ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಜೊತೆಗೆ ರಕ್ತದೊತ್ತಡವೂ ಏರಿದರೆ ನಾಳದೊಳಗಿನ ದ್ರವ ಹೊರಕ್ಕೆ ಜಿನುಗಿ, ಮುಖ್ಯವಾಗಿ ಮೆದುಳಿನ ಹಿಂಭಾಗ ಊದಿಕೊಳ್ಳುತ್ತದೆ. 1996ರಲ್ಲಿ ಪ್ರತ್ಯೇಕ ಸ್ಥಿತಿಯೆಂದು ವಿವರಿಸಲಾದ ಇದನ್ನು ವೈದ್ಯರು ‘ಪ್ರೆಸ್’ (PRES, ಪೋಸ್ಟೀರಿಯರ್ ರಿವರ್ಸಿಬಲ್ ಎನ್ಸೆಫಲೋಪತಿ ಸಿಂಡ್ರೋಮ್) ಎನ್ನುತ್ತಾರೆ. ಬೇಗ ಗುರುತಿಸಿದರೆ ಹೆಚ್ಚಿನವರು ಕೆಲವು ದಿನ ಅಥವಾ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ಆದರೆ ಮೆದುಳಿನಲ್ಲಿ ರಕ್ತಸ್ರಾವವಾದರೆ ಹಾನಿ ಶಾಶ್ವತವಾಗಿ ಉಳಿಯಬಹುದು. ಕ್ಯಾನ್ಸರ್ ಚಿಕಿತ್ಸೆಯ ಬೆವಾಸಿಜುಮ್ಯಾಬ್, ಸುನಿಟಿನಿಬ್, ಸಿಸ್‌ಪ್ಲಾಟಿನ್, ಜೆಮ್‌ಸಿಟಾಬಿನ್ ಮೊದಲಾದವುಗಳಿಂದಲೂ ಇದು ಉಂಟಾಗಬಹುದು.

ತಲೆನೋವು, ಕಣ್ಣು ಮಂಜಾಗುವುದು, ಮಾತಿನಲ್ಲಿ ಗೊಂದಲ, ಅತಿಯಾದ ಮಂಪರು, ಫಿಟ್ಸ್ ಇದರ ಲಕ್ಷಣಗಳು. ಎದುರಿಗಿಟ್ಟ ಲೋಟ ಕಾಣದೆ ತಡಕಾಡುವವರನ್ನು ಕನ್ನಡಕದ ಅಂಗಡಿಗೆ ಕರೆದೊಯ್ಯುವುದು ಸಲ್ಲದು. ತಕ್ಷಣ ಬಿಪಿ ಅಳೆದು, ಅದು ಸಹಜವಾಗಿದ್ದರೂ ತಡಮಾಡದೆ, ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಫಿಟ್ಸ್ ಬಂದರೆ 108ಕ್ಕೆ ಕರೆ ಮಾಡಿ, ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು. ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬಾರದು. ಕೈಗೆ ಬೀಗದ ಕೈ ಕೊಡುವ ನಮ್ಮ ಹಳೆಯ ರೂಢಿಯಿಂದ ಯಾವ ಪ್ರಯೋಜನವೂ ಇಲ್ಲ.

ಅನುಮಾನ ಬಂದಿತೆಂದು ಮಾತ್ರೆಯನ್ನು ಮನೆಯಲ್ಲೇ ನಿಲ್ಲಿಸಬಾರದು, ಏಕೆಂದರೆ ಕಸಿಯಾದ ಮೂತ್ರಪಿಂಡವೇ ಕೈಬಿಡಬಹುದು. ಪ್ರಮಾಣವನ್ನು ತಗ್ಗಿಸುವುದೋ ಬೇರೆ ಔಷಧಿಗೆ ಬದಲಾಯಿಸುವುದೋ ಎಂಬುದನ್ನು ಕಸಿ ತಂಡವೇ ನಿರ್ಧರಿಸಬೇಕು. ಆಸ್ಪತ್ರೆಗೆ ಹೋಗುವಾಗ ಮಾತ್ರೆಗಳ ಪಟ್ಟಿಗಿಂತ ಸ್ಟ್ರಿಪ್‌ಗಳನ್ನೇ ಒಯ್ಯುವುದು ಮೇಲು. ಇತ್ತೀಚೆಗೆ ಬೇರೆ ಕಾಯಿಲೆಗೆಂದು ಕೊಂಡ ಮಾತ್ರೆಗಳೂ ಅದರಲ್ಲಿರಲಿ. ಫ್ಲುಕೊನಜೋಲ್, ಕ್ಲಾರಿಥ್ರೊಮೈಸಿನ್, ಡಿಲ್ಟಿಯಾಜೆಮ್‌ನಂಥವು ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತವೆ. ಗ್ರೇಪ್‌ಫ್ರೂಟ್‌ಗೂ ಈ ಗುಣವಿದೆ. ಅದರ ಹತ್ತಿರದ ನೆಂಟನಾದ, ದೇವನಹಳ್ಳಿಗೆ ಹೆಸರು ತಂದ ಚಕ್ಕೋತವನ್ನೂ ಕಸಿಯಾದವರು ದೂರವಿಡುವುದು ಕ್ಷೇಮ.

ರಕ್ತದಲ್ಲಿ ಔಷಧಿಯ ಮಟ್ಟ ಸರಿಯಿದೆ ಎಂಬ ವರದಿಯನ್ನು ನೋಡಿ ನಿಶ್ಚಿಂತರಾಗುವುದು ತಪ್ಪು, ಮಟ್ಟ ಮಿತಿಯೊಳಗಿದ್ದವರಲ್ಲೂ ಪ್ರೆಸ್ ಕಂಡುಬಂದಿದೆ. ಊತವನ್ನು ಸಿ.ಟಿ.ಗಿಂತ ಎಂ.ಆರ್.ಐ. ಸ್ಪಷ್ಟವಾಗಿ ತೋರಿಸುತ್ತದೆ. ಏರಿದ ರಕ್ತದೊತ್ತಡವನ್ನು ವೈದ್ಯರು ಒಮ್ಮೆಲೇ ಇಳಿಸದೆ ಹಂತಹಂತವಾಗಿ ತಗ್ಗಿಸುತ್ತಾರೆ, ಏಕೆಂದರೆ ದಿಢೀರನೆ ಇಳಿದರೆ ಮೆದುಳಿಗೆ ಹೋಗುವ ರಕ್ತವೇ ಕಡಿಮೆಯಾದೀತು. ಮನೆಯಲ್ಲಿರುವ ಬಿಪಿ ಮಾತ್ರೆಯನ್ನು ಎರಡು ಪಟ್ಟು ನುಂಗಿಸಬಾರದೆನ್ನುವುದೂ ಇದೇ ಕಾರಣಕ್ಕೆ.

ಬಿಡುಗಡೆಯಾಗುವಾಗ, ಯಾವ ಔಷಧಿಯಿಂದ ಪ್ರೆಸ್ ಉಂಟಾಯಿತೆಂಬುದನ್ನು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆಸಿಕೊಳ್ಳಬೇಕು. ಫಿಟ್ಸ್ ಮಾತ್ರೆಯನ್ನು ಎಷ್ಟು ದಿನ ಮುಂದುವರಿಸಬೇಕೆಂದೂ ಆಗಲೇ ಕೇಳಿಕೊಳ್ಳಬೇಕು, ಏಕೆಂದರೆ ಫೆನಿಟಾಯಿನ್‌ನಂಥ ಕೆಲವು ಮಾತ್ರೆಗಳು ಟ್ಯಾಕ್ರೋಲಿಮಸ್ ಮಟ್ಟವನ್ನು ಕುಗ್ಗಿಸುತ್ತವೆ.