ರೆಪ್ಲಿಕೇಶನ್ ಓಡುತ್ತಿರುವಾಗಲೇ ಕಾಲಂ ಬದಲಿಸಿದ್ದು: ನನ್ನ ಅನುಭವ

ಸ್ಕೀಮಾ ಫ್ರೀಜ್ ಮಾಡದೆ, ಅಂದರೆ ಟೇಬಲ್‌ಗಳ ರಚನೆ ಬದಲಿಸುವುದನ್ನು ನಿಲ್ಲಿಸದೆ, ಡೇಟಾಬೇಸ್ ಮೈಗ್ರೇಶನ್ (ಬೇರೆ ಸರ್ವರ್‌ಗೆ ಸಾಗಿಸುವುದು) ಸಾಧ್ಯವೇ ಇಲ್ಲ ಅಂತ ಪಟ್ಟು ಹಿಡಿದವರೇ ಟೀಮಿನಲ್ಲಿ ಜಾಸ್ತಿ. ಆದರೂ ಮಾಡಿ ತೋರಿಸಿದೆ. ಆಫೀಸಿನ ಸರ್ವರ್‌ನಲ್ಲಿದ್ದ ಪೋಸ್ಟ್‌ಗ್ರೆಸ್ 13 ಡೇಟಾಬೇಸ್, ಹೆಚ್ಚುಕಮ್ಮಿ ಒಂದು ಟಿಬಿ ಡೇಟಾ. ಅದು ಮುಂಬೈ ಕ್ಲೌಡಿಗೆ ಹೋಗುತ್ತಿದ್ದಾಗಲೂ ಡೆವಲಪರ್‌ಗಳು ವಾರವಾರ ಕಾಲಂ ಸೇರಿಸುತ್ತಲೇ ಇದ್ದರು.

ಲಾಜಿಕಲ್ ರೆಪ್ಲಿಕೇಶನ್ ಮೂಲದಲ್ಲಾದ ಡೇಟಾ ಬದಲಾವಣೆಗಳನ್ನು ಆಗಿಂದಾಗಲೇ ಆಚೆ ಸರ್ವರ್‌ಗೆ ಕಳಿಸುತ್ತದೆ, ಆದರೆ ಡಿಡಿಎಲ್ (ಟೇಬಲ್ ರಚನೆ ಬದಲಿಸುವ ಆದೇಶಗಳು) ಒಯ್ಯಲ್ಲ. ಮೊದಲೆಲ್ಲ ಸಬ್‌ಸ್ಕ್ರಿಪ್ಶನ್ (ಕ್ಲೌಡ್ ಕಡೆ ಡೇಟಾ ಪಡೆಯುವ ಸಂಪರ್ಕ) ನಿಲ್ಲಿಸಿ, ಎರಡೂ ಕಡೆ ಆಲ್ಟರ್ ಮಾಡಿ (ಕಾಲಂ ಬದಲಿಸಿ), ಮತ್ತೆ ಶುರು ಮಾಡುತ್ತಿದ್ದೆವು. ನಿಂತಷ್ಟು ಹೊತ್ತೂ ಮೂಲದಲ್ಲಿ ವಾಲ್ ಫೈಲುಗಳು (ಪ್ರತಿ ಬದಲಾವಣೆಯ ದಾಖಲೆ) ಗುಡ್ಡೆ ಬೀಳುತ್ತವೆ. ಡಿಸ್ಕ್ ತುಂಬುವ ಹಂತಕ್ಕೆ ಬಂದು, ತುರ್ತಾಗಿ ಎಸ್‌ಎಸ್‌ಡಿ ತರಿಸಲು ನಲವತ್ತು ಸಾವಿರದ ಹತ್ತಿರ ಹೋಯಿತು. ವಾಲ್‌ಗೆ ಮಿತಿ ಹಾಕಿ ನೋಡಿದೆವು. ಮಿತಿ ದಾಟಿದ ಕೂಡಲೇ ಸ್ಲಾಟೇ (ಎಲ್ಲಿಯ ತನಕ ಕಳಿಸಿದೆ ಎಂಬ ಗುರುತು) ಕೆಟ್ಟಿತು, ಇಡೀ ಡೇಟಾ ಮೊದಲಿಂದ ಕಾಪಿ! ಎರಡೂ ಕಡೆ ಸರ್ವರ್ ಓಡಿಸುವ ಖರ್ಚು ತಿಂಗಳಿಗೆ ಲಕ್ಷ ದಾಟುತ್ತಿತ್ತು.

ಕೊನೆಗೆ ಕೈ ಹಿಡಿದದ್ದು ಆಲ್ಟರ್ ಮಾಡುವ ಕ್ರಮ. ಕಾಲಂ ಸೇರಿಸುವುದಾದರೆ ಮೊದಲು ಕ್ಲೌಡ್ ಕಡೆ, ಆಮೇಲೆ ಮೂಲದಲ್ಲಿ. ತೆಗೆಯುವುದಾದರೆ ಉಲ್ಟಾ. ಅದಕ್ಕೂ ಮುಂಚೆ ಕ್ಲೌಡಿನಲ್ಲಿ ಆ ಕಾಲಮ್ಮಿನ ನಾಟ್ ನಲ್ (ಖಾಲಿ ಬಿಡಬಾರದೆಂಬ ನಿಯಮ) ತೆಗೆದಿಡಬೇಕು, ಇಲ್ಲದಿದ್ದರೆ ಹೊಸ ಸಾಲುಗಳು ಅಲ್ಲೇ ಸಿಕ್ಕಿಬೀಳುತ್ತವೆ. ಯಾರೋ ಹೇಳದೆ ಮೂಲದಲ್ಲಿ ಸೇರಿಸಿದರೂ ಗಾಬರಿ ಬೇಡ. ಆ ಟೇಬಲ್ಲಿಗೆ ಡೇಟಾ ಬಂದಾಗ ‘ಮಿಸ್ಸಿಂಗ್ ರೆಪ್ಲಿಕೇಟೆಡ್ ಕಾಲಂ’ ಎರರ್ 5 ಸೆಕೆಂಡಿಗೊಮ್ಮೆ ಲಾಗಿಗೆ ಬೀಳುತ್ತದೆ. ಕ್ಲೌಡಿನಲ್ಲೂ ಕಾಲಂ ಸೇರಿಸಿ, ತಾನಾಗಿಯೇ ಮುಂದೆ ಹೋಗುತ್ತದೆ. ಒಂದು ಸಾಲೂ ಕಳೆಯಲ್ಲ.

ನಡುವೆ ಒಂದು ಪ್ರಯೋಗ ಮಾಡಿದೆ. ಇವೆಂಟ್ ಟ್ರಿಗರ್ (ಡಿಡಿಎಲ್ ಓಡಿದಾಗ ತಾನಾಗಿ ಓಡುವ ಕೋಡ್) ಇಟ್ಟು, ಡಿಡಿಎಲ್ಲನ್ನು ಒಂದು ಟೇಬಲ್ಲಿಗೆ ಬರೆಸಿ, ಆಚೆ ಕಡೆ ತಾನೇ ಓಡುವ ಹಾಗೆ. ಚೆನ್ನಾಗಿಯೇ ಓಡಿತು, ಡೀಫಾಲ್ಟ್‌ನಲ್ಲಿ ರ‍್ಯಾಂಡಮ್ ಯುಯುಐಡಿ (ಪ್ರತಿ ಸಲ ಬೇರೆಯಾಗುವ ಉದ್ದ ಗುರುತು ಸಂಖ್ಯೆ) ಇರುವ ಕಾಲಂ ಬರುವ ತನಕ. ಹಳೆಯ ಸಾಲುಗಳಿಗೆ ಎರಡೂ ಕಡೆ ಬೇರೆ ಬೇರೆ ಯುಯುಐಡಿ ಕೂತಿತು. ಎರರ್ ಕೂಡ ಇಲ್ಲ. ಆಮೇಲೆ ಕಾಲಂ ಖಾಲಿಯಾಗಿ ಸೇರಿಸಿ, ಮೂಲದಲ್ಲಿ ಅಪ್‌ಡೇಟ್ ಹಾಕಿ ತುಂಬಿಸತೊಡಗಿದೆ, ಸಲಕ್ಕೆ ಐದು ಸಾವಿರ ಸಾಲಿನಂತೆ. ಅಪ್‌ಡೇಟ್ ಆದರೆ ರೆಪ್ಲಿಕೇಶನ್‌ನಲ್ಲೇ ಹೋಗುತ್ತದೆ ಅಲ್ವಾ.

ಒಂದು ಲಾಭ ಪುಕ್ಕಟೆ ಸಿಕ್ಕಿತು. ದೊಡ್ಡ ಟೇಬಲ್ಲೊಂದರ ಇಂಟಿಜರ್ ಐಡಿ 214 ಕೋಟಿಯ ಮಿತಿಗೆ ಹತ್ತಿರವಾಗುತ್ತಿತ್ತು. ಕ್ಲೌಡ್ ಕಡೆ ಶುರುವಿನಲ್ಲೇ ಬಿಗ್‌ಇಂಟ್ (ಇನ್ನೂ ದೊಡ್ಡ ಸಂಖ್ಯೆ ಹಿಡಿಸುವ ಬಗೆ) ಮಾಡಿಟ್ಟೆ. ಡೇಟಾ ಟೆಕ್ಸ್ಟ್ ಆಗಿ ಹೋಗುವುದರಿಂದ ತಕರಾರಿಲ್ಲದೆ ಕೂತಿತು.

ಸೀಕ್ವೆನ್ಸ್‌ಗಳು (ಮುಂದಿನ ಐಡಿ ಕೊಡುವ ಎಣಿಕೆಗಳು) ಜೊತೆಗೆ ಬರಲ್ಲ. ಕಟ್‌ಓವರ್ ರಾತ್ರಿ (ಆ್ಯಪನ್ನು ಕ್ಲೌಡಿಗೆ ತಿರುಗಿಸಿದ ರಾತ್ರಿ) ಎಲ್ಲವನ್ನೂ ಒಂದು ಲಕ್ಷ ಮುಂದಕ್ಕೆ ತಳ್ಳಿದೆ. ಆ್ಯಪ್ ನಿಂತದ್ದು ಏಳೆಂಟು ನಿಮಿಷ. ಫ್ರೀಜ್ ಬೇಕೆಂದವರು ಕೇಳಿದ್ದು ಎರಡು ವಾರ.