ಫೋಟೊ ಪುಸ್ತಕ ಮಾಡಿಸುತ್ತೀರಾ? ಮೊದಲು ಪರದೆಯ ಬೆಳಕು ಇಳಿಸಿ

ಕಗ್ಗಲಡುವಿನ ಹುಣಸೆ ಮರದ ಮೇಲಿನ ಬಣ್ಣದ ಕೊಕ್ಕರೆ, ಸಿದ್ಧಗಂಗೆ ಜಾತ್ರೆಯ ಎತ್ತುಗಳು, ಮೈದನಹಳ್ಳಿಯ ಕೃಷ್ಣಮೃಗ, ಮಧುಗಿರಿ ಬೆಟ್ಟದ ಏಕಶಿಲೆ. ತುಮಕೂರು ಜಿಲ್ಲೆಯಲ್ಲಿ ಕ್ಯಾಮೆರಾ ಹಿಡಿದವರ ಹಾರ್ಡ್‌ಡಿಸ್ಕ್ ತೆರೆದರೆ ಇವೇ ಸಿಗುತ್ತವೆ. ಒಂದು ಪುಸ್ತಕ ಮಾಡಬೇಕು ಅನ್ನುವ ಆಸೆಯೂ ಎಲ್ಲರಿಗೂ ಇರುತ್ತದೆ. ಮೊದಲಾದರೆ 500 ಪ್ರತಿ ಅಚ್ಚು ಹಾಕಿಸಿ ಅಟ್ಟದ ಮೇಲೆ ಇಡಬೇಕಿತ್ತು. ಈಗ ಪ್ರಿಂಟ್ ಆನ್ ಡಿಮಾಂಡ್ ಇದೆ. ಫೈಲ್ ಕೊಟ್ಟರೆ ಆರ್ಡರ್ ಬಂದಾಗ ಒಂದೊಂದೇ ಪ್ರತಿ ಮುದ್ರಿಸಿ ಕಳಿಸುತ್ತಾರೆ. ಬೆಂಗಳೂರಿನ ಪೋಥಿ ಡಾಟ್ ಕಾಮ್, ಚೆನ್ನೈನ ನೋಷನ್ ಪ್ರೆಸ್ ಈ ಕೆಲಸದಲ್ಲಿ ಹೆಸರಾದವು.

ಪುಸ್ತಕ ಕೈಗೆ ಬಂದ ಮೇಲೆ ಹೆಚ್ಚಿನವರು ಹೇಳುವ ಮಾತು ಒಂದೇ: "ಎಲ್ಲ ಕಪ್ಪಾಗಿದೆ." ಆಮೇಲೆ ಮುದ್ರಿಸಿದವರನ್ನು ಬೈಯುತ್ತಾರೆ. ಫೈಲ್ ತರಿಸಿ ನೋಡಿದರೆ ತಪ್ಪು ಬಹುಪಾಲು ಅಲ್ಲೇ ಇರುತ್ತದೆ.

ಚಿತ್ರ ಆರಿಸುವುದು

ಕಡಿಮೆ ಆರಿಸಿ. ಒಂದೇ ಕೊಕ್ಕರೆಯ ಆರು ಭಂಗಿ ಯಾರಿಗೂ ಬೇಡ. ಜಾತ್ರೆಯ ಫೋಟೊದಲ್ಲಿ ಯಾರದಾದರೂ ಮುಖ ದೊಡ್ಡದಾಗಿ ಕಾಣುತ್ತಿದ್ದರೆ ಅವರನ್ನು ಕೇಳಿ, ಮಕ್ಕಳಾದರೆ ಮನೆಯವರನ್ನು ಕೇಳಿ.

ವಾಟ್ಸ್ಆ್ಯಪ್‌ನಿಂದ ಇಳಿಸಿಕೊಂಡ ಚಿತ್ರ ಬೇಡವೇ ಬೇಡ. ಅದು ಕಳಿಸುವಾಗಲೇ ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಸ್ನೇಹಿತರಿಂದ ತರಿಸುವುದಾದರೆ 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ. ಲೆಕ್ಕ ಸುಲಭ: ಒಂದು ಇಂಚಿಗೆ 300 ಪಿಕ್ಸೆಲ್. 8x10 ಇಂಚಿನ ಪುಟ ತುಂಬಲು 2400x3000 ಪಿಕ್ಸೆಲ್ ಬೇಕು. 200ರವರೆಗೆ ಇಳಿದರೂ ನಡೆಯುತ್ತದೆ, ಅದಕ್ಕಿಂತ ಕೆಳಗೆ ಹೋದರೆ ಚಿತ್ರವನ್ನು ಸಣ್ಣದಾಗಿ ಹಾಕಿ. ಚಿಕ್ಕ ಚಿತ್ರವನ್ನು ದೊಡ್ಡದು ಮಾಡಿಕೊಡುವ ಎಐ ಆ್ಯಪ್‌ಗಳಿವೆ. ಬಂಡೆಗೆ, ಗೋಡೆಗೆ ಪರವಾಗಿಲ್ಲ. ಮುಖಕ್ಕೂ ಹಕ್ಕಿಯ ಗರಿಗೂ ಬಳಸಬೇಡಿ, ಇಲ್ಲದ ಗರಿಯನ್ನು ತಾನೇ ಬರೆದುಬಿಡುತ್ತವೆ.

ಬೆಳಕು ಮತ್ತು ಬಣ್ಣ

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ಪರದೆಗೆ ಹಿಂದಿನಿಂದ ಬೆಳಕಿದೆ. ಕಾಗದಕ್ಕೆ ಇಲ್ಲ, ಮೇಲೆ ಬಿದ್ದ ಬೆಳಕನ್ನೇ ಅದು ತಿರುಗಿಸಿ ಕೊಡಬೇಕು. ಪರದೆಯ ಬೆಳಕು ಪೂರ್ತಿ ಏರಿಸಿಕೊಂಡು ಚಿತ್ರ ತಿದ್ದಿದರೆ ಅದು ಕಾಗದದಲ್ಲಿ ಕಪ್ಪಾಗುವುದು ಖಂಡಿತ. ಮೊಬೈಲಿನಲ್ಲಂತೂ ತಿದ್ದಲೇಬೇಡಿ. ಅದರ 'ವಿವಿಡ್' ಪರದೆ ಪ್ರತಿ ಚಿತ್ರವನ್ನೂ ಸುಮ್ನೆ ಹೊಗಳುತ್ತದೆ.

ಹಗಲಿನಲ್ಲಿ, ಕಿಟಕಿ ಪಕ್ಕ ಕೂತುಕೊಳ್ಳಿ. ಬಿಸಿಲು ನೇರವಾಗಿ ಪರದೆಗೆ ಬೀಳದಿರಲಿ. ಕಂಪ್ಯೂಟರಿನಲ್ಲಿ ಖಾಲಿ ಬಿಳಿ ಪುಟವೊಂದನ್ನು ತೆರೆದು, ಪಕ್ಕದಲ್ಲಿ ನಿಜವಾದ ಬಿಳಿ ಹಾಳೆ ಹಿಡಿಯಿರಿ. ಎರಡೂ ಒಂದೇ ಥರ ಕಾಣುವವರೆಗೆ ಪರದೆಯ ಬೆಳಕು ಇಳಿಸುತ್ತಾ ಬನ್ನಿ. ಇಷ್ಟು ಮಂಕಾ ಅನ್ನಿಸುತ್ತದೆ. ಹೌದು, ಕಾಗದ ಅಷ್ಟೇ ಮಂಕು. 'ನೈಟ್ ಲೈಟ್' ಆನ್ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಎಲ್ಲವೂ ಹಳದಿ ಕಾಣುತ್ತದೆ.

ಈಗ ಚಿತ್ರಗಳನ್ನು ನೋಡಿ. ಪೇಟದ ನೆರಳಲ್ಲಿರುವ ರೈತನ ಮುಖ, ಮರದ ಕೆಳಗೆ ಕಟ್ಟಿದ ಎತ್ತು, ಗುಡಿಯ ಒಳಗಿನ ಕಂಬ, ಎಲ್ಲ ಕತ್ತಲಲ್ಲಿ ಮುಳುಗಿರುತ್ತವೆ. ಇಡೀ ಚಿತ್ರದ ಬೆಳಕು ಏರಿಸಬೇಡಿ. ಹಾಗೆ ಮಾಡಿದರೆ ಕೊಕ್ಕರೆಯ ಬಿಳಿ ಗರಿ ಸುಟ್ಟುಹೋಗಿ ಬರೀ ಕಾಗದ ಉಳಿಯುತ್ತದೆ. ನೆರಳಿನ ಭಾಗಕ್ಕಿರುವ 'ಶ್ಯಾಡೋಸ್' ಅನ್ನುವುದನ್ನು ಮಾತ್ರ ಮೇಲಕ್ಕೆ ತಳ್ಳಿ, ಬೆಳ್ಳಗಿನ ಭಾಗಕ್ಕಿರುವ 'ಹೈಲೈಟ್ಸ್' ಸ್ವಲ್ಪ ಕೆಳಕ್ಕೆ ಎಳೆಯಿರಿ. ಕಪ್ಪು ಕೂದಲಿನಲ್ಲೂ ಎಳೆ ಕಾಣಬೇಕು. ಪರದೆಯಲ್ಲಿ ಒಂದು ಕೂದಲೆಳೆಯಷ್ಟು ಜಾಸ್ತಿ ತಿಳಿಯಾಯಿತು ಅನ್ನಿಸಿದರೆ ಕಾಗದಕ್ಕೆ ಅದು ಸರಿ. ತಿದ್ದಿದ್ದನ್ನು ಬೇರೆ ಫೋಲ್ಡರಿನಲ್ಲಿ ಇಡಿ, ಮೂಲ ಚಿತ್ರ ಮುಟ್ಟಬೇಡಿ.

ಇನ್ನು ಬಣ್ಣ. ಪರದೆ ಕೆಂಪು, ಹಸಿರು, ನೀಲಿ ಬೆಳಕು ಬೆರೆಸುತ್ತದೆ. ಮುದ್ರಣಯಂತ್ರ ಸಯಾನ್, ಮಜೆಂಟಾ, ಹಳದಿ, ಕಪ್ಪು ಬಣ್ಣ ಬೆರೆಸುತ್ತದೆ. ಪರದೆಯ ಎಲ್ಲ ಬಣ್ಣವೂ ಈ ನಾಲ್ಕರಲ್ಲಿ ಹುಟ್ಟುವುದಿಲ್ಲ. ಜಾತ್ರೆ ಚಿತ್ರಗಳಲ್ಲಿ ಮೊದಲು ಸಾಯುವುದು ತೇರಿನ ಸೀರಿಯಲ್ ಲೈಟಿನ ನೀಲಿ, ಚೆಂಡುಹೂವಿನ ಕಿತ್ತಳೆ, ಬಳೆ ಅಂಗಡಿಯ ಗುಲಾಬಿ. ಹೂವಿನ ಎಸಳೆಲ್ಲ ಒಂದಕ್ಕೊಂದು ಅಂಟಿ ಒಂದೇ ಮುದ್ದೆ ಆಗುತ್ತದೆ. ಫೋಟೋಶಾಪ್ ಇದ್ದರೆ ಕಂಟ್ರೋಲ್, ಶಿಫ್ಟ್, ವೈ ಒಟ್ಟಿಗೆ ಒತ್ತಿ. ಮುದ್ರಣಕ್ಕೆ ಸಿಗದ ಬಣ್ಣಗಳೆಲ್ಲ ಬೂದು ಬಣ್ಣದಲ್ಲಿ ಕಾಣುತ್ತವೆ. ಆ ಬಣ್ಣ ಒಂದನ್ನೇ ಹಿಡಿದು ಅದರ 'ಸ್ಯಾಚುರೇಷನ್' (ಬಣ್ಣದ ಗಾಢತೆ) ಇಳಿಸಿ, ಎಸಳು ಬೇರೆ ಬೇರೆ ಕಂಡರೆ ಸಾಕು. ಚಿತ್ರ ತಿದ್ದಲು ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶದಲ್ಲೂ ಈ ಪರೀಕ್ಷೆ ಮಾಡಬಹುದು.

ಹಾಗಂತ ಎಲ್ಲವನ್ನೂ ನೀವೇ ಸಿಎಂವೈಕೆಗೆ, ಅಂದರೆ ಈ ನಾಲ್ಕು ಬಣ್ಣಗಳ ಲೆಕ್ಕಕ್ಕೆ, ಬದಲಾಯಿಸಲು ಹೋಗಬೇಡಿ. ಮುದ್ರಿಸುವವರು ಕೇಳಿದರೆ ಮಾತ್ರ, ಅವರು ಹೇಳಿದ ಪ್ರೊಫೈಲಿನಲ್ಲೇ (ಬಣ್ಣದ ಸೆಟ್ಟಿಂಗ್) ಮಾಡಿ. ಇಲ್ಲದಿದ್ದರೆ ಪರದೆಗಳ ಸಾಮಾನ್ಯ ಬಣ್ಣದ ಕ್ರಮವಾದ ಎಸ್‌ಆರ್‌ಜಿಬಿಯಲ್ಲಿ ಬಿಡಿ. ಕ್ಯಾಮೆರಾದಲ್ಲಿ ಅಡೋಬಿ ಆರ್‌ಜಿಬಿ ಅನ್ನುವ ಇನ್ನೊಂದು ಕ್ರಮ ಇಟ್ಟುಕೊಂಡವರು ಮಾತ್ರ ಎಸ್‌ಆರ್‌ಜಿಬಿಗೆ ಬದಲಾಯಿಸಿ ಕೊಡಬೇಕು, ಇಲ್ಲದಿದ್ದರೆ ಚಿತ್ರ ಪೇಲವವಾಗಿ ಬರಬಹುದು.

ಅಗ್ಗದ ಉಪಾಯವೊಂದಿದೆ. ತೀರಾ ಕಷ್ಟದ ಎಂಟು ಚಿತ್ರಗಳನ್ನು ಒಂದೇ ಎ3 ಹಾಳೆಗೆ ಜೋಡಿಸಿ. ಲಗ್ನಪತ್ರಿಕೆ ಮಾಡುವ ಅಂಗಡಿಯ ಡಿಜಿಟಲ್ ಯಂತ್ರದಲ್ಲಿ, ಆರ್ಟ್ ಪೇಪರ್ ಮೇಲೆ ತೆಗೆಸಿ. ಯಂತ್ರ ಬೇರೆಯಾದ್ದರಿಂದ ಬಣ್ಣ ಹಾಗೇ ಬರುವುದಿಲ್ಲ. ಆದರೆ ಯಾವುದು ಕಪ್ಪಾಗುತ್ತದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಪುಟ ಜೋಡಣೆ

ಪುಟದ ಅಂಚಿನವರೆಗೆ ಚಿತ್ರ ಹೋಗುವುದಾದರೆ ಸುತ್ತ 3 ಮಿ.ಮೀ. ಹೆಚ್ಚು ಬಿಡಿ, ಕತ್ತರಿಸುವಾಗ ಅದು ಹೋಗುತ್ತದೆ. ಅಂಟು ಬೈಂಡಿಂಗ್ ಪುಸ್ತಕ ಪೂರ್ತಿ ಅಗಲವಾಗಿ ತೆರೆಯುವುದಿಲ್ಲ. ಮಧುಗಿರಿ ಬೆಟ್ಟವನ್ನು ಎರಡು ಪುಟಕ್ಕೆ ಹರಡಿದರೆ ಅಡ್ಡಿಯಿಲ್ಲ, ಮದುಮಗಳ ಮೂಗು ಮಾತ್ರ ಮಧ್ಯಕ್ಕೆ ಬರಬಾರದು. ಒಂದು ಪುಟಕ್ಕೆ ಒಂದೇ ಚಿತ್ರ, ಸುತ್ತ ಬಿಳಿ ಜಾಗ. ಮದುವೆ ಆಲ್ಬಮ್ಮಿನ ಹಾಗೆ ಹೃದಯದಾಕಾರದ ಚೌಕಟ್ಟು, ಹಿಂದೆ ತೇಲುವ ಗುಲಾಬಿ ಬೇಡ. ಕಾಗದ 170 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಮ್ಯಾಟ್, ಅಂದರೆ ಹೊಳಪಿಲ್ಲದ್ದು, ತಗೊಳ್ಳಿ. ಹೊಳೆಯುವ ಕಾಗದದಲ್ಲಿ ಚಿತ್ರಕ್ಕಿಂತ ಮೊದಲು ಟ್ಯೂಬ್‌ಲೈಟ್ ಕಾಣುತ್ತದೆ.

ಕನ್ನಡದ ಅಡಿಬರಹ ಯೂನಿಕೋಡಿನಲ್ಲೇ ಇರಲಿ. ನೋಟೊ ಸೆರಿಫ್ ಕನ್ನಡ ಅನ್ನುವ ಫಾಂಟ್ ಚೆನ್ನಾಗಿದೆ, ಉಚಿತ. ಪುಟ ಜೋಡಿಸುವ ಇನ್‌ಡಿಸೈನ್ ತಂತ್ರಾಂಶದಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬಿದ್ದರೆ ಪ್ಯಾರಾಗ್ರಾಫ್ ಪಟ್ಟಿಯಲ್ಲಿ 'ವರ್ಲ್ಡ್ ರೆಡಿ ಕಂಪೋಸರ್' ಆರಿಸಿ. ಪಿಡಿಎಫ್ ಮಾಡುವಾಗ ಫಾಂಟ್ ಫೈಲಿನ ಒಳಗೇ ಸೇರಿರಲಿ (ಎಂಬೆಡ್).

ಮುಖಪುಟ ಕೊನೆಗೆ. ಬೆನ್ನಿನ ದಪ್ಪ ಪುಟಗಳ ಸಂಖ್ಯೆ, ಕಾಗದ ಎರಡನ್ನೂ ನೋಡಿಕೊಂಡು ಬರುತ್ತದೆ, ಅವು ಗಟ್ಟಿಯಾಗದೆ ಅಳತೆ ಸಿಗುವುದಿಲ್ಲ.

ಐಎಸ್‌ಬಿಎನ್ ಮತ್ತು ಬೆಲೆ

ನೆಂಟರಿಗೆ ಹಂಚುವುದಾದರೆ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಬೇಕಿಲ್ಲ. ಮಾರುವುದಾದರೆ ದೆಹಲಿಯ ರಾಜಾ ರಾಮಮೋಹನ ರಾಯ್ ಐಎಸ್‌ಬಿಎನ್ ಏಜೆನ್ಸಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ. ಅದು ಸರ್ಕಾರದ್ದು, ಸಂಖ್ಯೆ ಉಚಿತ. ಇದಕ್ಕೆಂದೇ ದುಡ್ಡು ಕೇಳುವ ಮಧ್ಯವರ್ತಿಗಳನ್ನು ದೂರವಿಡಿ. ಸಮಯ ಹಿಡಿಯಬಹುದು, ಮುಂಚೆಯೇ ಹಾಕಿ.

ಬಣ್ಣದ ಪುಟ ದುಬಾರಿ. ಬಣ್ಣದ ಪುಟ ಒಂದೇ ಇದ್ದರೂ ಇಡೀ ಪುಸ್ತಕಕ್ಕೆ ಬಣ್ಣದ ದರ ಹಾಕುವವರಿದ್ದಾರೆ, ಮೊದಲೇ ಕೇಳಿ. ಒಂದು ಪ್ರತಿಗೆ ಮುದ್ರಣಕ್ಕೇ 600 ರೂಪಾಯಿ ಅಂತಿಟ್ಟುಕೊಳ್ಳಿ. 700ಕ್ಕೆ ಇಟ್ಟರೆ ಆನ್‌ಲೈನ್ ಅಂಗಡಿಯ ಕಮಿಷನ್ ಕಳೆದು ನಿಮಗೆ ಏನೂ ಉಳಿಯುವುದಿಲ್ಲ, ಅಲ್ವಾ? ನೂರಾರು ಪ್ರತಿ ಹೋಗುವುದು ಖಾತ್ರಿ ಇದ್ದರೆ ಒಮ್ಮೆಗೇ ಹೆಚ್ಚು ಪ್ರತಿ ತೆಗೆಯುವ ಆಫ್‌ಸೆಟ್ ಮುದ್ರಣವೇ ಅಗ್ಗ.

ಮೊದಲ ಪ್ರತಿ

ಮಾರಾಟಕ್ಕೆ ಬಿಡುವ ಮೊದಲು ಒಂದೇ ಒಂದು ಪ್ರತಿ ತರಿಸಿ. ಬಿಡುಗಡೆ ದಿನ ಗೊತ್ತು ಮಾಡಿ, ಅತಿಥಿಗಳನ್ನು ಕರೆದು, ಪುಸ್ತಕ ನೋಡದೆಯೇ 100 ಪ್ರತಿ ಆರ್ಡರ್ ಮಾಡುವವರಿದ್ದಾರೆ. ಹಾಗೆ ಮಾಡಬೇಡಿ. ಬಂದ ಪ್ರತಿಯನ್ನು ಹಗಲು ಬೆಳಕಿನಲ್ಲಿ ನೋಡಿ. ಕಪ್ಪಾದ ಪುಟಗಳಿಗೆ ಪೆನ್ಸಿಲ್ ಗುರುತು ಹಾಕಿ. ಅಡಿಬರಹವನ್ನು ಬೇರೆಯವರಿಂದ ಓದಿಸಿ, ಊರಿನ ಹೆಸರಿನ ತಪ್ಪು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ತಿದ್ದಿದ ಫೈಲನ್ನು ಸೈಟಿಗೆ ಹಾಕಿದ ಮೇಲೆ ಅಲ್ಲಿಂದಲೇ ಮತ್ತೆ ಇಳಿಸಿಕೊಂಡು ತೆರೆದು ನೋಡಿ. ಹಳೆಯ ಫೈಲೇ ಅಲ್ಲಿ ಉಳಿದಿರಬಹುದು.