ಗಾಲಿಯ ನಟ್ಟು ರೌಂಡ್ ಆಗಿ ಬಿಚ್ಚಲು ಬಾರದಿದ್ದರೆ: ಬೆಂಗಳೂರಿಗೆ ಹೊಸದಾಗಿ ಬಂದ ಮನೆಯವರಿಗೆ

ಊರಿಂದ ಕಾರು ಓಡಿಸಿಕೊಂಡು ಬಂದಿದ್ದೀರಾ? ಅಥವಾ ಇಲ್ಲಿಗೆ ಬಂದಮೇಲೆ ಸೆಕೆಂಡ್ ಹ್ಯಾಂಡ್ ಕಾರು ಕೊಂಡಿರಾ? ಹಾಗಾದರೆ ಗ್ಯಾಸ್ ಕನೆಕ್ಷನ್, ಸ್ಕೂಲ್ ಸೀಟು ಎಲ್ಲ ಮುಗಿದಮೇಲೆ ಒಂದು ಭಾನುವಾರ ಬೆಳಿಗ್ಗೆ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಡಿಕ್ಕಿಯಲ್ಲಿರುವ ವೀಲ್ ಸ್ಪ್ಯಾನರ್ ಹೊರಗೆ ತೆಗೆಯಿರಿ. ಕಾರು ನೆಲದ ಮೇಲೇ ಇರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ. ನಾಲ್ಕೂ ಗಾಲಿಯ ಒಂದೊಂದೇ ನಟ್ಟನ್ನು ಕಾಲು ಸುತ್ತು ಸಡಿಲ ಮಾಡಿ, ಮತ್ತೆ ಬಿಗಿ ಮಾಡಿ, ಆಮೇಲೆ ಮುಂದಿನದಕ್ಕೆ ಹೋಗಿ. ಯಾವ ನಟ್ಟು ಹಟ ಮಾಡುತ್ತದೆ ಅನ್ನುವುದು ನಿಮ್ಮ ಪಾರ್ಕಿಂಗ್‌ನಲ್ಲೇ, ಹಗಲು ಬೆಳಕಲ್ಲೇ ಗೊತ್ತಾಗಲಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾವು ಕುಂದಾಪುರದಿಂದ ಬಂದ ವರ್ಷ ಶಿವಮೊಗ್ಗಕ್ಕೆ ಒಂದು ಗೃಹಪ್ರವೇಶಕ್ಕೆ ಹೊರಟಿದ್ದೆವು. ನೆಲಮಂಗಲ ದಾಟಿ ಸ್ವಲ್ಪ ದೂರ ಹೋಗಿದ್ದೆವು, ಹಿಂದಿನ ಎಡಗಾಲಿ ಪಂಕ್ಚರ್. ಮೂರು ನಟ್ಟು ಬಂದವು, ನಾಲ್ಕನೆಯದು ಜಪ್ಪಯ್ಯ ಅನ್ನಲಿಲ್ಲ. ಹದಿನೈದು ದಿನದ ಹಿಂದೆ ಒಂದು ಅಂಗಡಿಯಲ್ಲಿ ಗಾಳಿ ಗನ್ (ಗಾಳಿಯ ಒತ್ತಡದಿಂದ ನಟ್ಟು ತಿರುಗಿಸುವ ಯಂತ್ರ) ಹಾಕಿ ಬಿಗಿದಿದ್ದರು. ನಾನು ಸ್ಪ್ಯಾನರ್ ಮೇಲೆ ಕಾಲಿಟ್ಟು ಒತ್ತಿದೆ. ಜರ್ ಅಂತ ಜಾರಿತು. ಮತ್ತೆ ಒತ್ತಿದೆ, ಮತ್ತೆ ಜಾರಿತು. ಐದಾರು ಸಲ ಹೀಗೆ ಮಾಡಿದ ಮೇಲೆ ನೋಡಿದರೆ ನಟ್ಟಿನ ಆರು ಮೂಲೆಯೂ ಹೋಗಿ ಗುಂಡಗಾಗಿತ್ತು. ಕಾರಲ್ಲಿ ಅಮ್ಮ, ಎರಡು ಮಕ್ಕಳು. ಒಂದು ಮಾರು ಆಚೆ ಲಾರಿಗಳು ಹೋಗುತ್ತಿದ್ದವು. ಕೊನೆಗೆ ಒಬ್ಬ ಲಾರಿ ಡ್ರೈವರ್ ನಿಲ್ಲಿಸಿ ಬಂದರು. ನಟ್ಟು ಮುಟ್ಟಿ ನೋಡಿ, "ಸಾರ್, ಮೊದಲನೇ ಸಲ ಜಾರಿದಾಗ್ಲೇ ನಿಲ್ಲಿಸ್ಬೇಕಿತ್ತು, ಆಗ ಐದು ನಿಮಿಷದ ಕೆಲಸ" ಅಂದರು. ಆಮೇಲೆ ಸ್ವಲ್ಪ ಚಿಕ್ಕ ಸೈಜಿನ ಸಾಕೆಟ್ (ನಟ್ಟಿನ ಮೇಲೆ ಟೋಪಿಯಂತೆ ಕೂರುವ ಸ್ಪ್ಯಾನರ್ ತಲೆ) ತಂದು, ಸುತ್ತಿಗೆಯಿಂದ ಹೊಡೆದು ಕೂರಿಸಿ ಬಿಚ್ಚಿಕೊಟ್ಟರು. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಅವರ ಮಾತನ್ನೇ ನಿಮಗೂ ಹೇಳುತ್ತಿದ್ದೇನೆ: ಒಂದು ಸಲ ಜಾರಿತು ಅಂದರೆ ಅಲ್ಲಿಗೆ ನಿಲ್ಲಿಸಿ. ಅದೇ ಸ್ಪ್ಯಾನರ್‌ನಲ್ಲಿ ಎರಡನೇ ಸಲ ತಿರುಗಿಸಬೇಡಿ.

ಯಾಕೆ ಹೀಗಾಗುತ್ತದೆ

ಮೊದಲನೇ ಕಾರಣ ಗನ್. ನಮ್ಮ ಸಣ್ಣ ಕಾರುಗಳ ಗಾಲಿ ನಟ್ಟಿಗೆ ಸುಮಾರು 85ರಿಂದ 110 ನ್ಯೂಟನ್ ಮೀಟರ್ ಬಿಗಿ ಸಾಕು. ನಿಮ್ಮ ಕಾರಿನದು ಎಷ್ಟು ಅಂತ ಅದರ ಪುಸ್ತಕದಲ್ಲಿ ಇರುತ್ತದೆ. 85 ಅಂದರೆ, 30 ಸೆಂಟಿಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಸುಮಾರು 29 ಕಿಲೋ ಭಾರ ಹಾಕಿದಷ್ಟು. 60 ಕಿಲೋ ತೂಕದವರು ಅದೇ ಹಿಡಿಯ ಮೇಲೆ ಹತ್ತಿ ನಿಂತರೆ ಬೇಕಾದ್ದಕ್ಕಿಂತ ಎರಡು ಪಟ್ಟು ಬಿಗಿಯಾಗುತ್ತದೆ. ಗನ್ ಅದಕ್ಕಿಂತಲೂ ಜಾಸ್ತಿ ಬಿಗಿಯಬಲ್ಲದು, ಅದೂ ಎರಡು ಸೆಕೆಂಡಿನಲ್ಲಿ. ಹಾಗೆ ಬಿಗಿದದ್ದನ್ನು ನೀವು ಕಾರಿನ ಜೊತೆ ಬಂದ ಎಲ್ ಆಕಾರದ ಸ್ಪ್ಯಾನರ್‌ನಲ್ಲಿ ಬಿಚ್ಚಬೇಕು. ಬರಲ್ಲ.

ಎರಡನೆಯದು ಸೈಜು. ಮಾರುತಿ, ಹೋಂಡಾ ಕಾರುಗಳಲ್ಲಿ ಸಾಮಾನ್ಯವಾಗಿ 19 ಎಂಎಂ ನಟ್ಟು. ಹ್ಯುಂಡೈ, ಟೊಯೋಟಾದಲ್ಲಿ 21. ಫೋಕ್ಸ್‌ವ್ಯಾಗನ್, ಸ್ಕೋಡಾದಲ್ಲಿ ನಟ್ಟೇ ಇಲ್ಲ, 17 ಎಂಎಂ ತಲೆಯ ಬೋಲ್ಟು ಬರುತ್ತದೆ. 19ಕ್ಕೆ 21ರ ಸ್ಪ್ಯಾನರ್ ಹಾಕಿದರೆ ಅದು ಮೂಲೆಯನ್ನಷ್ಟೇ ಹಿಡಿಯುತ್ತದೆ, ಮೂಲೆಯನ್ನೇ ಕೆರೆಯುತ್ತದೆ. ಬಾಯಿ ಸವೆದ ಹಳೇ ಸ್ಪ್ಯಾನರ್ ಕೂಡ ಹಾಗೇ.

ಮೂರನೆಯದು ತುಕ್ಕು. ಮಂಗಳೂರು, ಉಡುಪಿ, ಕಾರವಾರ ಕಡೆಯಿಂದ ಬಂದವರು ಇದನ್ನು ಗಮನವಿಟ್ಟು ಓದಿ. ಕಡಲ ಗಾಳಿಯ ಉಪ್ಪು ನಟ್ಟಿನ ತ್ರೆಡ್ಡಿಗೆ (ಒಳಗಿನ ಸುತ್ತುಗೆರೆಗೆ) ಮೊದಲೇ ಹತ್ತಿರುತ್ತದೆ. ಮೇಲೆ ಇಲ್ಲಿನ ಮಳೆಗಾಲದಲ್ಲಿ ರಸ್ತೆ ನೀರಲ್ಲಿ ಗಾಲಿ ಮುಳುಗುತ್ತದೆ. ಎರಡು ವರ್ಷ ಬಿಚ್ಚದೆ ಇಟ್ಟ ನಟ್ಟು ಹಿಡಿದುಕೊಳ್ಳುವುದು ಸಹಜ ಅಲ್ವಾ?

ದಾರಿಯಲ್ಲಿ ಆದರೆ

ಮೊದಲು ಜನ, ಆಮೇಲೆ ಗಾಲಿ. ಯಶವಂತಪುರದಿಂದ ಪೀಣ್ಯ ಕಡೆ ಹೋಗುವ ಮೇಲ್ಸೇತುವೆ, ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆ ಇಂಥ ಕಡೆ ನಿಂತು ಗಾಲಿ ಬಿಚ್ಚುವ ಯೋಚನೆಯೇ ಬೇಡ. ಹಜಾರ್ಡ್ ಲೈಟ್ ಹಾಕಿ, ನಿಧಾನವಾಗಿ ಕೆಳಗಿಳಿಯಿರಿ. ಟೈರ್ ಹೋದರೆ ಹೋಗಲಿ. ಹೆದ್ದಾರಿಯಾದರೆ ಎಡಕ್ಕೆ ಪೂರ್ತಿ ಸರಿದು ನಿಲ್ಲಿಸಿ, ಕೆಂಪು ತ್ರಿಕೋನವನ್ನು ಹಿಂದೆ ದೂರದಲ್ಲಿಡಿ, ಮಕ್ಕಳು ಹಿರಿಯರನ್ನು ಕಾರಿಂದ ಇಳಿಸಿ ಕಬ್ಬಿಣದ ತಡೆಯ ಆಚೆ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033, ಎಲ್ಲೇ ಆಗಲಿ ಅಪಾಯ ಅನಿಸಿದರೆ 112.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಹೊಳೆಯುವುದಿಲ್ಲ. ಈಗಿನ ಕಾರುಗಳಲ್ಲಿ ಹೆಚ್ಚಿನವು ಟ್ಯೂಬ್‌ಲೆಸ್ ಟೈರ್. ಮೊಳೆ ಚುಚ್ಚಿದ್ದರೆ ಗಾಲಿ ಬಿಚ್ಚದೆಯೇ ಪಂಕ್ಚರ್ ಹಾಕಬಹುದು. ಮೊಳೆ ಕೀಳಬೇಡಿ. ಕಾರಿನ 12 ವೋಲ್ಟ್ ಸಾಕೆಟ್‌ಗೆ ಚುಚ್ಚುವ ಸಣ್ಣ ಗಾಳಿ ಪಂಪು ಒಂದು ಇದ್ದರೆ ಗಾಳಿ ತುಂಬಿಸಿ ಹತ್ತಿರದ ಪಂಕ್ಚರ್ ಅಂಗಡಿವರೆಗೆ ನಿಧಾನವಾಗಿ ಹೋಗಬಹುದು. ರೌಂಡ್ ಆದ ನಟ್ಟನ್ನು ಮಾರನೇ ದಿನ ನೆರಳಲ್ಲಿ ಕೂತು ಬಿಚ್ಚಿಸಿ. ನನ್ನ ಪ್ರಕಾರ ಡಿಕ್ಕಿಯಲ್ಲಿ ಸ್ಟೆಪ್ನಿಯಷ್ಟೇ ಮುಖ್ಯ ಈ ಪಂಪು. ಟೈರಿನ ಪಕ್ಕೆ ಹರಿದಿದ್ದರೆ ಮಾತ್ರ ಇದು ನಡೆಯುವುದಿಲ್ಲ.

ಬಿಚ್ಚುವ ಕೆಲಸ

ಕಾರು ಜಾಕಿ ಮೇಲೆ ಇರಬಾರದು. ಗಾಲಿ ನೆಲಕ್ಕೆ ಕೂತಿರಬೇಕು, ಹ್ಯಾಂಡ್ ಬ್ರೇಕ್, ಒಂದನೇ ಗೇರು, ಎದುರು ಗಾಲಿಗೆ ಕಲ್ಲು. ಜಾಕಿ ಮೇಲಿರುವ ಕಾರಿನ ನಟ್ಟಿಗೆ ಸುತ್ತಿಗೆ ಹೊಡೆದರೆ ಕಾರೇ ಜಾರಿ ಬೀಳಬಹುದು. ಉಳಿದ ನಟ್ಟುಗಳನ್ನು ಆಗಲೇ ಬಿಚ್ಚಿದ್ದರೆ ಅವನ್ನು ಮತ್ತೆ ಹಾಕಿ ಬಿಗಿ ಮಾಡಿ. ಆಗ ಗಾಲಿಯ ಒತ್ತಡ ಅವುಗಳ ಮೇಲೆ ಹಂಚಿ, ಕೆಟ್ಟ ನಟ್ಟಿನ ಮೇಲಿನ ಎಳೆತ ಕಡಿಮೆಯಾಗುತ್ತದೆ. ಬಿಚ್ಚುವುದಕ್ಕೆ ಮೊದಲು ಬಿಗಿ ಮಾಡುವುದು ವಿಚಿತ್ರ ಅನಿಸಬಹುದು, ಆದರೆ ಎಷ್ಟೋ ಸಲ ಇಷ್ಟಕ್ಕೇ ನಟ್ಟು ಬಂದುಬಿಡುತ್ತದೆ.

ಈಗ ಮಣ್ಣು, ತುಕ್ಕನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ತುಕ್ಕು ಬಿಡಿಸುವ ಸ್ಪ್ರೇಯನ್ನು ನಟ್ಟು ಗಾಲಿಗೆ ತಾಗುವ ಸಂದಿಗೆ ಹಾಕಿ. ತುದಿ ಮುಚ್ಚಿದ ನಟ್ಟಾದರೆ ಮುಂದಿನಿಂದ ಹೊಡೆದ ಎಣ್ಣೆ ಒಳಗೆ ಹೋಗುವುದೇ ಇಲ್ಲ, ಸುಮ್ನೆ ಖರ್ಚು. ಬ್ರೇಕ್ ಡಿಸ್ಕಿಗೆ ಎಣ್ಣೆ ತಾಗಬಾರದು. ಕಡಿಮೆ ಅಂದರೂ 20 ನಿಮಿಷ ಬಿಡಿ. ಮನೆಯಲ್ಲೇ ಇದ್ದರೆ ರಾತ್ರಿಯಿಡೀ ಬಿಡಿ.

ಮೂಲೆ ಸ್ವಲ್ಪ ಉಳಿದಿದ್ದರೆ ಸರಿಯಾದ ಸೈಜಿನ, ಒಳಗೆ ಆರೇ ಮೂಲೆ ಇರುವ ಸಾಕೆಟ್ ತನ್ನಿ. ಹನ್ನೆರಡು ಮೂಲೆಯದು ಬೇಡ, ಅದು ನಟ್ಟಿನ ಮೂಲೆಯ ತುದಿಯನ್ನಷ್ಟೇ ಹಿಡಿಯುತ್ತದೆ. ಸಾಕೆಟ್ಟನ್ನು ಪೂರ್ತಿ ಒಳಗೆ ತಳ್ಳಿ, ಉದ್ದನೆ ಹಿಡಿ ಹಾಕಿ, ಒಂದು ಕೈಯಲ್ಲಿ ಸಾಕೆಟ್ ನೇರವಾಗಿರುವಂತೆ ಒತ್ತಿ ಹಿಡಿದು ಎಡಕ್ಕೆ (ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ) ನಿಧಾನವಾಗಿ ಎಳೆಯಿರಿ. ಜರ್ಕ್ ಕೊಡಬೇಡಿ.

ಪೂರ್ತಿ ಗುಂಡಗಾಗಿದ್ದರೆ ಎರಡು ದಾರಿ. ಒಂದು, ಆ ಲಾರಿ ಡ್ರೈವರ್ ಮಾಡಿದ್ದು. 19ರ ನಟ್ಟಿಗೆ 18 ಅಥವಾ 17ರ ಸಾಕೆಟ್, 21ಕ್ಕೆ 20 ಅಥವಾ 19. ಇಲ್ಲಿ ಮಾತ್ರ ಹನ್ನೆರಡು ಮೂಲೆಯದು ಒಳ್ಳೆಯದು, ಹಲ್ಲು ಜಾಸ್ತಿ ಇರುವುದರಿಂದ ಕಚ್ಚುತ್ತದೆ. ಸುತ್ತಿಗೆಯಿಂದ ನೇರವಾಗಿ ಹೊಡೆದು ಕೂರಿಸಬೇಕು, ಓರೆಯಾಗಿ ಹೊಡೆದರೆ ಸ್ಟಡ್ಡು (ನಟ್ಟು ಕೂರುವ ಕಡ್ಡಿ) ಬಾಗಬಹುದು. ಕಣ್ಣಿಗೆ ಕನ್ನಡಕ ಇರಲಿ, ಲೋಹದ ಚೂರು ಹಾರುತ್ತದೆ. ಆ ಸಾಕೆಟ್ ಈ ಕೆಲಸಕ್ಕೇ ಬಲಿ ಅಂದುಕೊಳ್ಳಿ. ಒಳಗೆ ಸಿಕ್ಕಿಕೊಂಡ ನಟ್ಟನ್ನು ಆಮೇಲೆ ಹಿಂದಿನ ಚೌಕದ ತೂತಿನಿಂದ ಕಬ್ಬಿಣದ ಸರಳು ಹಾಕಿ ಹೊಡೆದು ತೆಗೆಯಬಹುದು.

ಎರಡನೆಯದು ಎಕ್ಸ್‌ಟ್ರಾಕ್ಟರ್ ಸಾಕೆಟ್. ಒಳಗೆ ಸುರುಳಿ ಹಲ್ಲು ಇರುತ್ತದೆ. ಎಡಕ್ಕೆ ತಿರುಗಿಸಿದಷ್ಟೂ ನಟ್ಟನ್ನು ಗಟ್ಟಿಯಾಗಿ ಕಚ್ಚುತ್ತದೆ. ನಾನು ಕಂಡಂತೆ ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಾಮಾನಿಲ್ಲ. ಸಿಗಬೇಕಾದರೆ ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ, ಎಸ್.ಪಿ. ರೋಡಿನ ಟೂಲ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಹೆಸರು ನೆನಪಾಗದಿದ್ದರೆ "ರೌಂಡ್ ಆಗಿರೋ ನಟ್ ಬಿಚ್ಚೋ ಸಾಕೆಟ್" ಅಂದರೂ ಅರ್ಥವಾಗುತ್ತದೆ. ಅಲಾಯ್ ಗಾಲಿ ಇರುವವರು ಸಾಕೆಟ್ಟಿನ ಹೊರ ಅಗಲ ನೋಡಿ ಕೊಳ್ಳಿ. ಅಲಾಯ್‌ನಲ್ಲಿ ನಟ್ಟು ಆಳದ ಕಿರಿದಾದ ಗುಂಡಿಯಲ್ಲಿ ಕೂತಿರುತ್ತದೆ, ದಪ್ಪ ಸಾಕೆಟ್ ಒಳಗೇ ಹೋಗುವುದಿಲ್ಲ. ಕಬ್ಬಿಣದ ರಿಮ್ಮಾದರೆ ನಟ್ಟು ಹೊರಗೆ ಕಾಣುತ್ತದೆ, ಪೈಪ್ ರಿಂಚ್ ಕೂಡ ಹಿಡಿಯಬಹುದು.

ಇದಕ್ಕೂ ಬರದಿದ್ದರೆ ಮನೆಯಲ್ಲಿ ಪ್ರಯತ್ನ ಸಾಕು. ನಟ್ಟನ್ನು ಡ್ರಿಲ್ ಮಾಡಿ ಒಡೆಯುವುದು, ಮೇಲೆ ಇನ್ನೊಂದು ನಟ್ಟು ವೆಲ್ಡ್ ಮಾಡಿ ತಿರುಗಿಸುವುದು ಗ್ಯಾರೇಜಿನವರ ಕೆಲಸ. ಒಂದು ಮಾತು ಮಾತ್ರ ದಯವಿಟ್ಟು ನೆನಪಿಡಿ. ಟೈರ್ ಹಾಕಿರುವ ರಿಮ್ಮಿಗೆ ಗ್ಯಾಸ್ ಬೆಂಕಿ ಹಿಡಿಯಲು ಯಾರಿಗೂ ಬಿಡಬೇಡಿ. ಟೈರ್ ಒಳಗಿನಿಂದ ಬಿಸಿಯಾಗಿ ಸಿಡಿಯಬಹುದು, ಅದರಿಂದ ಪ್ರಾಣವೇ ಹೋಗಬಹುದು. ವೆಲ್ಡಿಂಗ್‌ಗೂ ಅದೇ ಭಯ ಇದೆ. ಆದ್ದರಿಂದ ಅದರ ಬದಲು ಡ್ರಿಲ್ ಮಾಡಲು ಸಾಧ್ಯವಾ ಅಂತ ಮೊದಲು ಕೇಳಿ.

ಬಿಚ್ಚಿದ ಮೇಲೆ

ರೌಂಡ್ ಆದ ನಟ್ಟನ್ನು ಮತ್ತೆ ಹಾಕಬೇಡಿ. ಹೊಸದು ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಮಾರುತಿಯ ನಟ್ಟಿನ ತ್ರೆಡ್ಡು (ಒಂದು ಸುತ್ತಿನಿಂದ ಇನ್ನೊಂದಕ್ಕಿರುವ ಅಂತರ) 1.25 ಎಂಎಂ, ಹ್ಯುಂಡೈ, ಹೋಂಡಾ, ಟೊಯೋಟಾದ್ದು 1.5. ನೋಡಲು ಎರಡೂ ಒಂದೇ ಥರ. ಅದಲು ಬದಲಾದರೆ ಒಂದೆರಡು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತದೆ. ಬಲವಂತ ಮಾಡಿದರೆ ಸ್ಟಡ್ಡಿನ ತ್ರೆಡ್ಡೇ ಹಾಳು. ನಟ್ಟಿನ ಬುಡದ ಆಕಾರವೂ ಒಂದೇ ಇರಬೇಕು: ಹೋಂಡಾದ ಮೂಲ ನಟ್ಟಿಗೆ ಗುಂಡು ಬುಡ, ಬೇರೆ ಹೆಚ್ಚಿನವಕ್ಕೆ ಲಾಳಿಕೆಯಂತೆ ಇಳಿಜಾರು ಬುಡ. ಸ್ಟಡ್ಡು ಹಾಳಾಗಿದ್ದರೆ ಅದೊಂದನ್ನೇ ಬದಲಾಯಿಸಬಹುದು, ಇಡೀ ಹಬ್ (ಗಾಲಿ ಕೂರುವ ನಡುಭಾಗ) ಬದಲಾಯಿಸಬೇಕು ಅಂದರೆ ಇನ್ನೊಬ್ಬ ಮೆಕ್ಯಾನಿಕ್ಕನ್ನೂ ಕೇಳಿ.

ಎಣ್ಣೆ ಒರೆಸಿ, ಒಣಗಿದ ತ್ರೆಡ್ಡಿಗೆ ನಟ್ಟನ್ನು ಕೈಯಿಂದಲೇ ಮೂರು ನಾಲ್ಕು ಸುತ್ತು ತಿರುಗಿಸಿ. ಕೈಯಲ್ಲಿ ಹೋಗದಿದ್ದರೆ ಓರೆಯಾಗಿದೆ ಅಂತ ಅರ್ಥ, ತೆಗೆದು ಮತ್ತೆ ಹಾಕಿ. ಎದುರು ಬದುರು ನಟ್ಟುಗಳನ್ನು ಸರದಿಯಲ್ಲಿ ಬಿಗಿ ಮಾಡಿ. ಒಂದು 80-100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿ.

ಅಂಗಡಿಯಲ್ಲಿ ಹೇಳುವ ಮಾತು ಇಷ್ಟೇ: "ಅಣ್ಣ, ಗನ್ ಹಾಕ್ಬೇಡಿ, ಕೈಯಲ್ಲೇ ಟೈಟ್ ಮಾಡಿ." ಸಂಕೋಚ ಬೇಡ. ಒಳ್ಳೆ ಕೆಲಸಗಾರರು ಬೇಜಾರು ಮಾಡಿಕೊಳ್ಳುವುದಿಲ್ಲ. ಮೊದಲು ಗನ್ನಲ್ಲಿ ಕೂರಿಸಿ ಕೊನೆಗೆ ಟಾರ್ಕ್ ರಿಂಚ್ (ಎಷ್ಟು ಬಿಗಿ ಅಂತ ಅಳೆದು ಬಿಗಿಯುವ ಸ್ಪ್ಯಾನರ್) ಹಿಡಿಯುವವರೂ ಇದ್ದಾರೆ, ಅಂಥ ಅಂಗಡಿ ಸಿಕ್ಕರೆ ಬಿಡಬೇಡಿ.

ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಿರುವವರು ದುಡ್ಡು ಕೊಡುವ ಮುಂಚೆಯೇ ನಾಲ್ಕೂ ಗಾಲಿ ಬಿಚ್ಚಿ ತೋರಿಸಲು ಹೇಳಿ. ಅಲಾಯ್ ಗಾಲಿಗೆ ಕಳ್ಳತನ ತಡೆಯುವ ಲಾಕ್ ನಟ್ಟು ಇದ್ದರೆ ಅದರ ಕೀ ಕೇಳಿ ಪಡೆಯಿರಿ. ಅದಿಲ್ಲದಿದ್ದರೆ ಒಳ್ಳೇ ನಟ್ಟು ಕೂಡ ಬಿಚ್ಚಲು ಬರುವುದಿಲ್ಲ.

ನಮ್ಮ ಮನೆಯಲ್ಲಿ ಈಗ ಆಯುಧ ಪೂಜೆಯ ಹಿಂದಿನ ದಿನ ಜಾಕಿ, ಸ್ಪ್ಯಾನರ್ ಹೊರಗೆ ಬರುತ್ತವೆ. ತೊಳೆದು ಒರೆಸಿ, ಹದಿನಾರೂ ನಟ್ಟನ್ನು ಸಡಿಲಿಸಿ ಬಿಗಿದು, ಆಮೇಲೆ ಕುಂಕುಮ. ಮಗಳು ಈ ವರ್ಷ ಎರಡು ಗಾಲಿಯನ್ನು ತಾನೇ ಮಾಡಿದಳು. ಮನೆಯಲ್ಲಿ ಕಾರು ಓಡಿಸುವ ಎಲ್ಲರೂ, ಹೆಂಗಸರು ಗಂಡಸರು ಅನ್ನದೆ, ಒಂದು ಸಲ ಕೈಯಿಟ್ಟು ಮಾಡಿ ನೋಡಬೇಕು.

ನಮ್ಮ ಸಂಘದಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದೇವೆ. 17, 19, 21ರ ಆರು ಮೂಲೆಯ ಸಾಕೆಟ್, ಎಕ್ಸ್‌ಟ್ರಾಕ್ಟರ್ ಸೆಟ್, ಉದ್ದನೆ ಹಿಡಿ, ಟಾರ್ಕ್ ರಿಂಚ್, ಗಾಳಿ ಪಂಪು ಇದೆ. ಬೇಕಾದವರು ಪುಸ್ತಕದಲ್ಲಿ ಹೆಸರು, ಮನೆ ನಂಬರ್ ಬರೆದು ಒಯ್ಯಬಹುದು. ಕೈ ಸಾಲದಿದ್ದರೆ ಹೇಳಿ, ಯಾರಾದರೂ ಬರುತ್ತೇವೆ. ಟಾರ್ಕ್ ರಿಂಚನ್ನು ನಟ್ಟು ಬಿಚ್ಚಲು ಬಳಸಬೇಡಿ, ಅದರ ಅಳತೆ ಕೆಡುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಕಡಿಮೆ ಅಂಕಿಗೆ ತಿರುಗಿಸಿಟ್ಟು, ಪೆಟ್ಟಿಗೆಯನ್ನು ಎರಡು ದಿನದೊಳಗೆ ವಾಪಸ್ ತಂದಿಡಿ.